ಚಂದ್ರಲೋಕದ ನಕಲು

ಒಂದಾನೊಂದು ಕಾಲಕ್ಕೆ ಚಂದ್ರನ ಮೇಲೊಂದು ಊರಿತ್ತಂತೆ. ಅಲ್ಲಿ ಮಾತಿಗೆ ತಪ್ಪಿದವರ ನೆರಳು ಹಾಲಿನಂತೆ ಬೆಳ್ಳಗಾಗಿಬಿಡುತ್ತಿತ್ತಂತೆ. ಹೀಗೆಂದು ಬರೆದಿಟ್ಟವರು ಇಂಡಿ ಊರಿನ ಬಸಂತರಾಯರ ಮುತ್ತಜ್ಜ. ನೂರಿಪ್ಪತ್ತು ವರ್ಷದ ಆ ಕೈಬರಹದ ಹೊತ್ತಿಗೆ ಜಗತ್ತಿಗೆಲ್ಲ ಒಂದೇ. ಬಸಂತರಾಯರ ನೆರಳು ಮಾತ್ರ ಇನ್ನೂ ಕಪ್ಪಗೇ ಇತ್ತು; ಹೊತ್ತಿಗೆಯ ನಕಲು ಮಾಡಲು ಬರುತ್ತಿದ್ದ ಇಂದುಬಾಯಿ ದಿನಾ ನೋಡುತ್ತಿದ್ದಳಲ್ಲ.

"ಪೂರಾ ನಕಲು ಮಾಡಿಕೊಡು. ಒಂದಕ್ಷರ ಕಳೀಬಾರದು. ಮುಗಿದ ದಿನ ಮೂಲ ನಿನ್ನದ," ಎಂದಿದ್ದರು ರಾಯರು.

"ಕಳೆಯೂದಿಲ್ರಿ ರಾಯರ," ಎಂದು ಅವಳೂ ಮಾತು ಕೊಟ್ಟಿದ್ದಳು.

ಹುಡುಗಿಯರ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ, ಮೂರು ವರ್ಷ, ಪ್ರತಿ ಸಂಜೆ ರಾಯರ ವಾಡೆಯಲ್ಲಿ ಕೂತು ನೋಟುಬುಕ್ಕಿಗೆ ಇಳಿಸಿದಳು. ಹುಳು ತಿಂದಲ್ಲಿ ಹೋದ ಅಕ್ಷರಗಳನ್ನು ರಾಯರು ಬಾಯಿಪಾಠದಿಂದ ಹೇಳಿದರು, ಅವಳು ತುಂಬಿದಳು. ಕೊನೆಯ ಅಧ್ಯಾಯಕ್ಕೆ ಬಂದಾಗ, ೧೯೭೩ರ ಯುಗಾದಿ ಕಳೆದ ಮೇಲೆ, ರಾಯರು ಎಲೆಗೆ ಸುಣ್ಣ ಹಚ್ಚುತ್ತ ಅಂದರು:

"ಚಡಚಣದ ಭೀಮಶ್ಯಾ ಮೂಲ ಬೇಕಂತಾನ. ಹಳೀ ಹೊತ್ತಿಗಿ ಕೂಡಿಸೋ ಮನಶ್ಯಾ. ಲಗ್ನ ಆಗಿ ಹೋಗಾಕಿ ನೀ, ನಿನಗ ನಕಲು ಸಾಕಲ್ಲವಾ? ಚಂದ್ರನ ಮ್ಯಾಲ ಬರೇ ಧೂಳ ಐತೆಂತ ಮಂದಿ ಹೋಗಿ ನೋಡ್ಯಾರ. ಧೂಳಿನ ಕತಿಗೆ ಯಾರರ ಅಳ್ತಾರೇನು?"

ಇಂದುಬಾಯಿ ಅಳಲಿಲ್ಲ. "ಹೌದ್ರಿ," ಎಂದು ಲೆಕ್ಕಣಿಕೆಯನ್ನು ಮಸಿಗೆ ಅದ್ದಿದಳು.

ವಾಡೆಯ ಅಟ್ಟದಲ್ಲಿ ಮುತ್ತಜ್ಜ ಬರೆಯದೇ ಬಿಟ್ಟ ಖಾಲಿ ಹಾಳೆಗಳ ಕಟ್ಟೊಂದಿತ್ತು. ದಿನಕ್ಕೆ ನಾಲ್ಕರಂತೆ ಅವು ಅವಳ ಚೀಲ ಸೇರಿದವು. ದೀಪದ ಕಾಡಿಗೆಗೆ ಜಾಲಿಯ ಅಂಟು ಕಲಸಿ ಮಸಿ ಮಾಡಿದಳು. ನಸುಕಿನಲ್ಲೆದ್ದು ನೋಟುಬುಕ್ಕು ನೋಡಿ ಆ ಹಾಳೆಗಳ ಮೇಲೆ ಬರೆದಳು. ಮೂರು ವರ್ಷದಲ್ಲಿ ಅವಳ ಕೈ ಮುತ್ತಜ್ಜನ ಕೈಯೇ ಆಗಿತ್ತು. ಕೊನೆಗೆ, "ರಟ್ಟು ಹರದೈತ್ರಿ, ಹೊಲಿದು ತರ್ತೇನಿ," ಎಂದು ಮೂಲವನ್ನೇ ಮನೆಗೆ ಒಯ್ದಳು. ರಾಯರು ಎರಡನೇ ಮಾತಾಡದೆ ಕೊಟ್ಟರು. ಹಳೆಯ ರಟ್ಟನ್ನು ಬಿಚ್ಚಿ ಹೊಸ ನಕಲಿಗೆ ಹೊಲಿದಳು. ಮೂಲದ ಯಾವ ಪುಟಕ್ಕೆ ಎಷ್ಟು ಹುಳದ ತೂತೋ ಎಣಿಸಿ, ಕಾಯಿಸಿದ ಸೂಜಿಯಿಂದ ನಕಲಿಗೂ ಅಷ್ಟೇ ಚುಚ್ಚಿದಳು. ಮೂಲ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಮಲಗಿತು.

ಭೀಮಶ್ಯಾ ಬಂದ ದಿನ ಅವಳು ಹೊತ್ತಿಗೆಯನ್ನೂ ನೋಟುಬುಕ್ಕುಗಳನ್ನೂ ರಾಯರ ಮುಂದಿಟ್ಟಳು. "ಕೊಟ್ಟ ಮಾತು ಮುಗೀತ್ರಿ." ಭೀಮಶ್ಯಾ ಹಾಳೆ ಮೂಸಿದ, ನೂರು ವರ್ಷದ ವಾಸನೆ. ಒದ್ದೆ ಬೆರಳಿನಿಂದ ಮಸಿ ಒರೆಸಿದ; ಹಳೆಯ ಮಸಿಯದೇ ಬಣ್ಣ. ರಾಯರು ತಲೆದೂಗಿದರು. ಇಂದುಬಾಯಿ ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲ ತನಕ ಹೋಗಿದ್ದಳು.

"ತಡೀರಿ ಅಕ್ಕಾರ." ಭೀಮಶ್ಯಾ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಆಮೇಲೆ ಇನ್ನೊಂದು, ಮತ್ತೊಂದು. "ಇಷ್ಟು ತೂತು ಕೊರದೈತಿ, ಒಂದಕ್ಷರಕ್ಕೂ ಬಾಯಿ ಹಾಕಿಲ್ಲ. ಈ ಹುಳಕ್ಕ ಓದಾಕ ಬರ್ತಿತ್ತೇನ್ರಿ?" ಸೂಜಿ ಹಿಡಿದಾಗಲೆಲ್ಲ ಅವಳ ಕೈ ತಾನಾಗಿ ಬರಹ ತಪ್ಪಿಸಿ ಖಾಲಿ ಜಾಗಕ್ಕೇ ಇಳಿದಿತ್ತು. ಕೊಟ್ಟ ಮಾತಿನಂತೆ ಒಂದಕ್ಷರವೂ ಕಳೆದಿರಲಿಲ್ಲ.