ಮಾಮನ ತಟ್ಟೆ

"ಅಲ್ಲೇ ನಿಲ್ಲಿ. ಹತ್ತಿರ ಬರಬೇಡಿ."

ಒಲೆಯ ಬಿಸಿಗೆ ಕೆಂಪೇರಿದ್ದ ಅವಳ ಮುಖ ಬಿಳಿಚಿಕೊಂಡಿತ್ತು. ಬೇಕರಿಯ ಹಿಂಬಾಗಿಲಲ್ಲಿ ನಿಂತಿದ್ದವನು ಶಾಲೆ ವ್ಯಾನಿನ ಡ್ರೈವರ್, ಅವಳನ್ನು ಮದುವೆಯಾಗಬೇಕಿದ್ದವನು. ಮದುವೆ ಗೊತ್ತಾದ ಮೇಲೆ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಅದೇ ಮೊದಲು.

ಅವನ ಉಸಿರಿನಲ್ಲಿ ವಾಸನೆ ಇತ್ತು...

ಅವಳ ಮೂಗಿಗೆ ಸುಳ್ಳು ಹೇಳುವುದು ಕಷ್ಟ. ಕಲಸಿಟ್ಟ ಹಿಟ್ಟು ಹದವಾಗಿ ಹುದುಗಿದೆಯೋ, ಹುಳಿ ಹೆಚ್ಚಾಗಿ ಕೆಟ್ಟಿದೆಯೋ, ಮುಚ್ಚಿದ ಬಟ್ಟೆ ತೆಗೆಯುವ ಮೊದಲೇ ಹೇಳಿಬಿಡುತ್ತಿದ್ದಳು. ಅದಕ್ಕೂ ಮುಂಚೆ ಆ ಮೂಗು ಇನ್ನೊಂದು ಪಾಠ ಕಲಿತಿತ್ತು. ಅಪ್ಪ ಹೊಸ್ತಿಲು ದಾಟುವ ಮೊದಲೇ, ಅವತ್ತು ಕುಡಿದಿದ್ದಾನೋ ಇಲ್ಲವೋ ಅಂತ ಅವಳಿಗೆ ತಿಳಿಯುತ್ತಿತ್ತು. ಕೊನೆಗೆ ಆ ಕುಡಿತವೇ ಅಪ್ಪನನ್ನು ತಿಂದುಹಾಕಿತು.

"ಮಕ್ಕಳನ್ನ ಕೂರಿಸಿಕೊಂಡು ಗಾಡಿ ಓಡಿಸ್ತೀರಲ್ಲ... ಕುಡಿದು?"

ಅವನು ಬೆಚ್ಚಿಬಿದ್ದ. ಕುಡಿದಿಲ್ಲ ಅಂದ. ಮತ್ತೆ ಈ ವಾಸನೆ ಏನು ಅಂತ ಕೇಳಿದ್ದಕ್ಕೆ ಬಾಯಿ ತೆರೆದು, ಹಾಗೇ ಮುಚ್ಚಿ, ತಲೆ ತಗ್ಗಿಸಿದ. ಇತ್ತೀಚೆಗೆ ಅವಳು ಕೊಟ್ಟ ಬ್ರೆಡ್ಡನ್ನೂ ಅವನು ಮುಟ್ಟುತ್ತಿರಲಿಲ್ಲ, ಮೈ ಬೇರೆ ಇಳಿದುಹೋಗಿತ್ತು. ಎಲ್ಲವೂ ತಾಳೆಯಾಯಿತು ಅಂದುಕೊಂಡಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹೆದರಿದ ಹೆಣ್ಣಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಪಾಪ?

ಉಂಗುರ ಬಿಚ್ಚಿ ಅವನ ಕೈಗಿಟ್ಟಳು. ಅವನು ಬೇಡ ಅನ್ನಲಿಲ್ಲ, ಜಗಳವನ್ನೂ ಆಡಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು.

ಕೆಲವು ವಾರ ಕಳೆದ ಮೇಲೆ ಅವನ ಅಕ್ಕ ಬೇಕರಿಗೆ ಬಂದಳು. ಕಣ್ಣು ಗುಳಿಬಿದ್ದಿತ್ತು.

"ತಪ್ಪು ಅವನದಲ್ಲಮ್ಮ, ನನ್ನದು."

ಅಕ್ಕನ ಮಗಳು ಪುಟ್ಟಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆಗಳು ಕೆಲಸ ಮಾಡದಿದ್ದಾಗ ಡಾಕ್ಟರು ಊಟವನ್ನೇ ಬದಲಿಸಿದ್ದರು. ಅನ್ನ, ಬ್ರೆಡ್ಡು, ಸಕ್ಕರೆ ಹೆಚ್ಚುಕಡಿಮೆ ಬಂದ್. ಬೆಣ್ಣೆ, ಮೊಟ್ಟೆ, ಎಣ್ಣೆ, ಸೊಪ್ಪು, ಅದೂ ಅವರು ಹೇಳಿದ ಅಳತೆಯಲ್ಲಿ. ಆಗ ಮೈ ಕೊಬ್ಬನ್ನು ಉರಿಸಿ ಕೀಟೋನ್ ಅನ್ನುವುದನ್ನು ತಯಾರಿಸುತ್ತದೆ, ಕೆಲವು ಮಕ್ಕಳಿಗೆ ಅದರಿಂದ ಫಿಟ್ಸ್ ಕಡಿಮೆಯಾಗುತ್ತದೆ ಅಂತ ವಿವರಿಸಿದ್ದರಂತೆ. ಉಸಿರು ಕೊಳೆತ ಹಣ್ಣಿನ ಹಾಗೆ, ಕುಡಿದವರ ಹಾಗೆ ನಾರಬಹುದು ಅಂತಲೂ ಹೇಳಿದ್ದರು. ಆದರೆ ಪುಟ್ಟಿ ಹಟ ಹಿಡಿದಳು: ಮಾಮನೂ ಇದನ್ನೇ ತಿನ್ನಬೇಕು. ಡಾಕ್ಟರನ್ನು ಕೇಳಿಕೊಂಡು ಮಾಮನೂ ಅನ್ನ ಬಿಟ್ಟ.

"ಮನೆತನದಲ್ಲೇ ಫಿಟ್ಸ್ ಇದೆ ಅಂತ ನಿಮ್ಮವರು ಮದುವೆ ಮುರಿದುಬಿಟ್ರೆ ಅಂತ ಹೆದರಿ, ಯಾರಿಗೂ ಹೇಳಬೇಡ ಅಂತ ನಾನೇ ಅವನಿಂದ ಆಣೆ ಹಾಕಿಸಿಕೊಂಡಿದ್ದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗಾಯ್ತಮ್ಮ ಅವನ ಗತಿ."

"ಪುಟ್ಟಿ ಈಗ ಹೇಗಿದ್ದಾಳೆ?"

ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಹೋದ ವಾರ ಬಂದ ಫಿಟ್ಸ್ ನಿಲ್ಲಲೇ ಇಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು.

ಅವಳು ಒಲೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಅಕ್ಕನ ಹಿಂದೆಯೇ ಹೊರಟಳು. ದಾರಿಯುದ್ದಕ್ಕೂ ಒಂದೇ ಯೋಚನೆ... 'ಅವತ್ತು ಒಂದು ಗಳಿಗೆ ತಾಳಿದ್ದರೆ, ಆ ಮಗುವಿನ ಪಕ್ಕ ಅವರ ಜೊತೆ ನಾನೂ ಇರುತ್ತಿದ್ದೆ.'

ಅವನು ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದ. ಮುಂದಿನ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಸೊಪ್ಪು.

ಕ್ಷಮಿಸಿ ಅಂದಳು. ಅವನು ತಲೆಯಾಡಿಸಿದ, ಅಷ್ಟೇ.

"ಈಗಲೂ ಇದನ್ನೇ ತಿಂತೀರಾ?"

"ನೀನು ಅನ್ನ ತಿನ್ನೋ ದಿನ ನಾನೂ ತಿಂತೀನಿ ಅಂತ ಪುಟ್ಟಿಗೆ ಮಾತು ಕೊಟ್ಟಿದ್ದೆ. ಆ ದಿನ ಇನ್ನೆಲ್ಲಿ ಬರುತ್ತೆ, ಹೇಳು?"

ಅವಳು ಇನ್ನೊಂದು ತಟ್ಟೆ ತಂದು ಪಕ್ಕದಲ್ಲಿ ಕೂತು, ಅವನ ಊಟದಲ್ಲಿ ಅರ್ಧ ತನಗೆ ಹಾಕಿಕೊಂಡಳು.

"ಇದು ನಿನಗೆ ರುಚಿಸಲ್ಲ."

"ಪುಟ್ಟಿಗೆ ರುಚಿಸ್ತಿತ್ತಾ? ನೀವು ಜೊತೆಗಿದ್ರಿ ಅಂತ ತಿಂದಳು."

"ಎಷ್ಟು ದಿನ ಅಂತ ತಿಂತೀಯ?"

"ನಿಮಗೆ ಅನ್ನ ತಿನ್ನಬೇಕು ಅನ್ನಿಸೋವರೆಗೂ. ನಿಮ್ಮನ್ನ ಪ್ರೀತಿಸ್ತೀನಿ... ಇನ್ನು ಒಬ್ಬರೇ ಊಟಕ್ಕೆ ಕೂರೋಕೆ ಬಿಡಲ್ಲ."

ಮಗುವನ್ನು ಮಣ್ಣು ಮಾಡಿದ ದಿನವೂ ಅಳದೆ ಅಕ್ಕನನ್ನು ಸಂತೈಸಿದ್ದವನು, ಈಗ ಅವಳ ಕೈ ಹಿಡಿದು ಬಿಕ್ಕಿದ.

"ತುಂಬಾ ಕಷ್ಟಪಟ್ಟಳು ಕಣೇ ಅವಳು..."

"ಹೇಳಿ. ಎಲ್ಲಾ ಹೇಳಿ... ನಾನು ಕೇಳ್ತೀನಿ."