ಮಡುವಿನಲ್ಲಿ ಸಿಕ್ಕ ದೋಣಿ

ನದಿಯ ರಭಸಕ್ಕೆ ದೋಣಿ ಮಗುಚಿದಾಗ ನಾನೂ ಭಾವನೂ ಹೇಗೋ ಈಜಿ ದಡ ಸೇರಿದೆವು. ಭಾವ ಬಡಗಿ. ತಾವೇ ಕೈಯಾರೆ ಮಾಡಿದ ದೋಣಿ ಅದು. ನನ್ನ ಅಕ್ಕನನ್ನಾದರೂ ಬಿಟ್ಟಾರು, ಅದನ್ನು ಬಿಡುವವರಲ್ಲ. ಮರುದಿನ ಬೆಳಿಗ್ಗೆಯೇ ಹುಡುಕಲು ಹೊರಟೆವು.

ಕೆಳಗಿನ ಮಡುವಿನಲ್ಲಿ, ಬಿದ್ದ ಮರಕ್ಕೆ ಒರಗಿಕೊಂಡು ದೋಣಿ ನೆಟ್ಟಗೆ ತೇಲುತ್ತಿತ್ತು. ಸಾಮಾನಿನ ಚೀಲವೂ ಕಟ್ಟಿದ ಹಾಗೇ ಇತ್ತು. ಆದರೆ ಅಂಚು ಹಿಡಿದ ಕೂಡಲೇ ಸಿಂಬಳದಂಥ ಲೋಳೆ ಕೈಗೆ ಅಂಟಿತು. ನದಿಯ ನೀರು ಕೊರೆಯುತ್ತಿದ್ದರೂ ಲೋಳೆ ಬೆಚ್ಚಗಿತ್ತು.

"ಪಾಚಿ ಕಣೋ, ಒರೆಸ್ಕೋ" ಎಂದರು ಭಾವ, ತಾವು ಮಾತ್ರ ಮೂಗು ಮುಚ್ಚಿಕೊಂಡು.

ಚೀಲ ಬಿಚ್ಚಿ ಬುತ್ತಿಯ ಡಬ್ಬಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು. ತೆರೆದರೆ, ನಾವು ಮುಟ್ಟಿಯೂ ಇರದ ಬ್ರೆಡ್ಡನ್ನು ಯಾರೋ ಚೆನ್ನಾಗಿ ಅಗಿದು, ನುಂಗದೆ, ಉಂಡೆ ಉಂಡೆಯಾಗಿ ಮತ್ತೆ ತುಂಬಿಟ್ಟಿದ್ದರು. ಎಂಜಲಿನ ನೊರೆ ಇನ್ನೂ ಆರಿರಲಿಲ್ಲ. ಅಲ್ಲೇ ವಾಂತಿ ಮಾಡಿಕೊಂಡೆ.

"ಥೂ, ಎಸಿಯೋ ಅದನ್ನ!"

ನೀರಿಗೆ ಎಸೆದೆ. ಮೀನುಗಳು ಮುತ್ತಿದವು, ಮರುಕ್ಷಣವೇ ಚೆದುರಿ ಓಡಿದವು.

"ಭಾವ, ದೋಣಿ ಇಲ್ಲೇ ಬಿಟ್ಬಿಡೋಣ."

"ತಲೆ ಕೆಟ್ಟಿದ್ಯಾ? ಹಿಡ್ಕೋ ಆ ಕಡೆ."

ಹಿಂದಿನ ದಿನ ನಾವಿಬ್ಬರೇ ನಗುತ್ತಾ ಹೊತ್ತು ತಂದಿದ್ದ ದೋಣಿ ಈಗ ಖಾಲಿಯಿದ್ದರೂ ಹೆಣಭಾರ. ಹೆಗಲು ಕಿತ್ತುಹೋಗುವಂತೆ ನೋಯುತ್ತಿತ್ತು, ಲೋಳೆ ಕುತ್ತಿಗೆಗೆ ಇಳಿಯುತ್ತಿತ್ತು. ಕೊನೆಗೆ ಅಕ್ಕನ ಮನೆ ಬಂತು. ಬಾಗಿಲು ತೆರೆದೇ ಇತ್ತು. ಒಳಗೆ ಅಕ್ಕ ಮಗುವಿಗೆ ಉಣಿಸುತ್ತಿದ್ದಳು.

ಹೊಸಿಲ ಮುಂದೆ, ನಾವಿನ್ನೂ ಕೆಳಗಿಳಿಸುವ ಮೊದಲೇ, ದೋಣಿ ತಟ್ಟನೆ ಹಗುರವಾಯಿತು.