ಉಳಿದದ್ದು

ಸೋಮವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ 9-40ಕ್ಕೆ ಹಂದಿರೋಗ ಸಂಶೋಧನಾಲಯದ ಮುಖ್ಯಸ್ಥೆ ಠಾಣೆಗೆ ಬಂದರು. ಬಿಳಿ ಕೋಟು ಕಳಚುವುದನ್ನೂ ಮರೆತಿದ್ದರು. ಪ್ರಯೋಗಾಲಯದ ಫ್ರಿಜ್ಜಿನಿಂದ ನಾಲ್ಕು ಸೀಸೆ ಕಳುವಾಗಿದೆ ಎಂಬುದು ಅವರ ದೂರು.

“ಸೀಸೆಯಲ್ಲಿ ಏನಿತ್ತು?” ಇನ್ಸ್‌ಪೆಕ್ಟರ್ ಕೇಳಿದರು.

“ಫೇಜ್. ರೋಗಾಣುವನ್ನ ಕೊಲ್ಲೋ ವೈರಸ್ಸು. ಹಂದಿಮರಿಗಳ ಭೇದಿಗೆ ಅದು ಔಷಧಿ ಆಗುತ್ತಾ ಅಂತ ನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀವಿ.”

“ಬೇರೆ ಇಲ್ವಾ?”

“ಇನ್ನೊಂದು ಫ್ರಿಜ್ಜು ಹೋದ ತಿಂಗಳು ಕೆಟ್ಟು ಅದರಲ್ಲಿದ್ದದ್ದೆಲ್ಲ ಹಾಳಾಯ್ತು. ಇದ್ದದ್ದು ಇವು ನಾಲ್ಕೇ. ಸಿಗದಿದ್ರೆ ಮೊದಲಿಂದ ಶುರು ಮಾಡ್ಬೇಕು ಸಾರ್.”

10-15ಕ್ಕೆ ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ ಪಂಚನಾಮೆ. ಜೊತೆಗೆ ಹೋದ ದಫೇದಾರರಿಗೆ ಠಾಣೆಯಲ್ಲಿ ‘ಎಣಿಕೆ ಮಾವ’ ಎಂದೇ ಹೆಸರು. ಎಲ್ಲಿಗೆ ಹೋದರೂ ಕಿಟಕಿ, ಕುರ್ಚಿ, ಮೆಟ್ಟಿಲು ಎಣಿಸದೆ ಬಿಡುವ ಆಸಾಮಿಯಲ್ಲ.

ಬೀಗ ಮುರಿದಿರಲಿಲ್ಲ. ಫ್ರಿಜ್ಜಿನ ನಡುವಿನ ತಟ್ಟೆ ಖಾಲಿಯಿತ್ತು. ಪಕ್ಕದ ಕೋಣೆಯಲ್ಲಿ ನೀರಿನ ತೊಟ್ಟಿ, ಅದರ ಮೇಲೆ ತೊಳೆದ ಸೀಸೆಗಳನ್ನು ಬೋರಲು ಹಾಕುವ ಗೂಟದ ಹಲಗೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ತೊಳೆಯಲು ಕೊಟ್ಟದ್ದು: 40’ ಎಂದು ಬರೆದಿತ್ತು. ಎಣಿಕೆ ಮಾವ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಸಾರ್, ನಲವತ್ನಾಲ್ಕು! ಕದ್ದೋನು ತೊಳೆದು ಬೋರಲು ಹಾಕಿ ಹೋಗಿದಾನೆ. ನಮ್ಮನೇಲಿ ಕುಡಿದ ಲೋಟ ಕೂಡ ಯಾರೂ ತೊಳೆಯಲ್ಲ.”

ಖಾಲಿ ಸೀಸೆಯನ್ನು ಬಿಸಾಡಲು ಮನಸ್ಸು ಬಾರದವಳು ಆ ಕಟ್ಟಡದಲ್ಲಿ ಒಬ್ಬಳೇ ಇದ್ದಳು. ಗಾಜು ತೊಳೆಯುವವಳು. ಎಲ್ಲರ ಬಾಯಲ್ಲೂ ಅವಳು ಸೀಸೆಯಕ್ಕ. ಹದಿನೆಂಟು ವರ್ಷದಲ್ಲಿ ಒಂದು ಸೀಸೆಯನ್ನೂ ಒಡೆದವಳಲ್ಲ.

“ನಲವತ್ತು ಕೊಟ್ರೆ ನಲವತ್ನಾಲ್ಕು ಹೇಗಾಯ್ತಕ್ಕಾ?” ಇನ್ಸ್‌ಪೆಕ್ಟರ್ ಕೇಳಿದರು.

ಸೀಸೆಯಕ್ಕ ಒದ್ದೆ ಕೈ ಒರೆಸಿಕೊಂಡಳು. “ನಾನೇ ತಗೊಂಡೆ ಸಾರ್. ಶನಿವಾರ ಮಧ್ಯಾಹ್ನ. ಚಿಕ್ಕಮ್ಮನ ಹಂದಿ ಹನ್ನೊಂದು ಮರಿ ಹಾಕಿತ್ತು. ಭೇದಿ ಹತ್ತಿ ಎರಡು ಸತ್ತವು. ಮಿಕ್ಕವಕ್ಕೆ ಕುಡಿಸಿ, ಇವತ್ತು ಬೆಳಿಗ್ಗೆ ಖಾಲಿ ಸೀಸೆ ತಂದು ತೊಳೆದಿಟ್ಟೆ.”

“ಕೇಳಿ ತಗೋಬಹುದಿತ್ತಲ್ಲ?”

“ಉಳಿದದ್ದನ್ನ ಬ್ಲೀಚಿಗೆ ಸುರೀಬೇಕು, ಹೊರಗೆ ಒಯ್ಯೋ ಹಾಗಿಲ್ಲ ಅಂತ ರೂಲ್ಸು. ಕೇಳಿದ್ರೆ ಬೇಡ ಅಂತಿದ್ರು. ಸೀಸೆಗೆ ಅಂಟಿಸಿದ್ದ ಚೀಟಿ ಮೇಲೆ ‘ಉಳಿದದ್ದು’ ಅಂತಿತ್ತು. ಹೇಗೂ ಚೆಲ್ಲೋದು ತಾನೇ ಅಂದ್ಕೊಂಡೆ.”

ಮುಖ್ಯಸ್ಥೆ ಹಣೆ ಚಚ್ಚಿಕೊಂಡರು. ಹಾಳಾಗದೆ ಉಳಿದದ್ದು ಎಂಬ ಅರ್ಥದಲ್ಲಿ ಆ ಚೀಟಿ ಬರೆದವರು ಅವರೇ. ತೊಟ್ಟಿಯ ಬಳಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ: ಬಳಸಿ ಮಿಕ್ಕದ್ದು, ಚೆಲ್ಲತಕ್ಕದ್ದು.

“ನಮ್ಮ ಹತ್ರ ಇದ್ದದ್ದೇ ಅಷ್ಟು ಕಣಕ್ಕಾ.”

ಸೀಸೆಯಕ್ಕ ಬೋರಲು ಹಾಕಿದ್ದ ಸೀಸೆಯೊಂದನ್ನು ಎತ್ತಿ, ತಳದಲ್ಲಿ ಒಂದು ಹನಿಯಾದರೂ ಇದೆಯೇ ಎಂದು ನೋಡಿದಳು.

“ಮರಿಗಳು ಏನಾದವು?” ಇನ್ಸ್‌ಪೆಕ್ಟರ್ ವಿಚಾರಿಸಿದರು.

“ಒಂಬತ್ತೂ ಚೆನ್ನಾಗಿವೆ ಸಾರ್. ನಿನ್ನೆಯಿಂದ ಹಾಲು ಕುಡೀತಿವೆ.”

ಮುಖ್ಯಸ್ಥೆ ತಟ್ಟನೆ ಮುಂದೆ ಬಂದರು. “ಹಾಗಾದ್ರೆ ಅದು ಹೊಟ್ಟೇಲಿ ಕೆಲಸ ಮಾಡಿದೆ! ರೋಗಾಣು ಸಿಕ್ಕಿದ ಕಡೆ ಫೇಜು ಒಂದಕ್ಕೆ ನೂರಾಗುತ್ತೆ. ಸಾರ್, ನನಗೆ ಆ ಮರಿಗಳ ಮಲ ಬೇಕು. ಈಗಲೇ.”

1-30ಕ್ಕೆ ಊರಾಚೆಯ ಹಂದಿಗೂಡಿನಲ್ಲಿ ಜಪ್ತಿ ನಡೆಯಿತು. ‘ಹಂದಿಮರಿಗಳ ಮಲ, ಒಂಬತ್ತು ಡಬ್ಬಿ’ ಎಂದು ಬರೆಯುವಾಗ ಎಣಿಕೆ ಮಾವನ ಕೈ ಒಮ್ಮೆ ತಡೆಯಿತು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವರು ಇಂಥ ಮಾಲು ವಶಪಡಿಸಿಕೊಂಡಿರಲಿಲ್ಲ.

ಕೋಲೂರಿ ನಿಂತಿದ್ದ ಚಿಕ್ಕಮ್ಮ ಇನ್ಸ್‌ಪೆಕ್ಟರರ ಕೈ ಹಿಡಿದುಕೊಂಡಳು. “ಅವಳು ಕೆಟ್ಟೋಳಲ್ಲಪ್ಪಾ. ಅವಳಮ್ಮ ಸತ್ತಾಗ ಕೂಸಿಗೆ ಹನ್ನೆರಡು ದಿನ. ಮರಿಗಳಿಗೆ ಹಾಲು ಕುಡಿಸೋ ಸೀಸೇನೇ ತೊಳೆದು ತೊಳೆದು ಇವಳಿಗೂ ಕುಡಿಸಿ ಸಾಕಿದೀನಿ.”

ಆದರೂ ಕಾನೂನು ಕಾನೂನೇ. ಸಂಜೆ 4ಕ್ಕೆ ಸೀಸೆಯಕ್ಕನ ಬಂಧನವಾಯಿತು.

ಮಂಗಳವಾರ 11 ಗಂಟೆಗೆ ಕೋರ್ಟು. ಜಾಮೀನು ಕಾಗದ ನೋಡಿದ ಗುಮಾಸ್ತ ಕನ್ನಡಕ ಸರಿಮಾಡಿಕೊಂಡ.

“ದೂರು ಕೊಟ್ಟೋರೂ ನೀವೇ, ಜಾಮೀನೂ ನೀವೇನಾ?”

“ಹೌದು,” ಎಂದು ಮುಖ್ಯಸ್ಥೆ ಸಹಿ ಹಾಕಿದರು.

ಗುರುವಾರ 4-30ಕ್ಕೆ ಹೇಳಿಕೆ ಪಡೆಯಲು ಹೋದ ಇನ್ಸ್‌ಪೆಕ್ಟರ್‌ಗೆ ಮುಖ್ಯಸ್ಥೆ ಒಂದು ಗಾಜಿನ ತಟ್ಟೆ ತೋರಿಸಿದರು. ರೋಗಾಣುಗಳ ಮಬ್ಬು ಪದರದ ತುಂಬ ಗುಂಡಗಿನ ತೂತುಗಳು. ಫೇಜು ತಿಂದು ತೆರವು ಮಾಡಿದ ಜಾಗ.

“ಅದೇನಾ?”

“ಹಳೇ ದಾಖಲೆ ಜೊತೆ ಹೋಲಿಸಿ ನೋಡಾಯ್ತು. ಅದೇ. ನಾಲ್ಕು ಸೀಸೆ ಹೋಗಿತ್ತು, ಈಗ ಅರವತ್ತು ತುಂಬಿದೀವಿ. ನಿಮ್ಮ ದಫೇದಾರ್ರಿಗೆ ನನ್ನ ನಮಸ್ಕಾರ ಹೇಳಿ ಸಾರ್. ಅವರು ಎಣಿಸದಿದ್ರೆ ಇದೆಲ್ಲ ಮಣ್ಣುಪಾಲಾಗ್ತಿತ್ತು.”

ಇನ್ಸ್‌ಪೆಕ್ಟರ್ ವರದಿಯ ಕೊನೆಗೆ ಹೀಗೆ ಬರೆದರು: ‘ಆರೋಪಿಯು ಸ್ವಂತಕ್ಕೆಂದು ಕದ್ದಿಲ್ಲ. ಹಾಲೂಡಿ ಸಾಕಿದವಳ ಉಪಕಾರ ನೆನೆದು ಒಯ್ದಿದ್ದಾಳೆ.’

ತೊಟ್ಟಿಯ ಬಳಿ ಸೀಸೆಯಕ್ಕ ಮತ್ತೆ ಕೆಲಸಕ್ಕೆ ನಿಂತಿದ್ದಳು. ಮುಖ್ಯಸ್ಥೆ ಅವಳನ್ನು ಕರೆದು, ಹೊಸ ಸೀಸೆಗಳಿಗೆ ಬರೆದ ಚೀಟಿ ಕೈಗೆ ಕೊಟ್ಟು, ಏನಂತಿದೆ ಓದು ಎಂದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಉ-ಳಿ-ಸಿ-ದ್ದು.”